ಗೇಟಿನ ಎರಡು ತುದಿಗೆ ಒಂದು ಹಾಡು

ಕಾಲುವೆ ಗೇಟಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು ಕೆಲಸ ಖಾಯಂ ಯಾವಾಗ ಆಗುತ್ತದೆ ಎಂದು. ಅದು ನನಗೆ ಗೊತ್ತಿಲ್ಲ. ಗೊತ್ತಿದ್ದವರು ನಿಮಗೆ ಹೇಳುವುದೂ ಇಲ್ಲ. ನನಗೆ ಯಾವಾಗ ಬಡ್ತಿ ಸಿಕ್ಕಿತು, ನಿವೃತ್ತಿಯ ದಿನ ಯಾರು ಶಾಲು ಹೊದಿಸಿದರು ಎಂದು ಬರೆದು ನಿಮ್ಮ ಹೊತ್ತನ್ನೂ ಹಾಳು ಮಾಡುವುದಿಲ್ಲ. ಗೇಟಿನ ವಿಷಯ ಬರೆಯುತ್ತೇನೆ. ಅದನ್ನು ನಿಮಗೆ ತರಬೇತಿಯಲ್ಲಿ ಯಾರೂ ಹೇಳಿರಲಾರರು.

ನಾನು ಕುಷ್ಟಗಿ ಕಡೆಯವನು. ನಮ್ಮೂರಲ್ಲಿ ನೀರೆಂದರೆ ಬಾವಿಯ ತಳದಲ್ಲಿ ಇಣುಕಿ ನೋಡುವ ವಸ್ತು. ಗಂಗಾವತಿ ಕಡೆ ಕೆಲಸಕ್ಕೆ ಹಾಕಿದಾಗ ತುಂಬಿ ಹರಿಯುವ ಕಾಲುವೆ ನೋಡಿ ಇಷ್ಟು ನೀರಿಗೆ ಜಗಳ ಯಾಕೆ ಬರುತ್ತದೆ ಎಂದುಕೊಂಡಿದ್ದೆ. ಒಂದು ಹಂಗಾಮು ಮುಗಿಯುವುದರೊಳಗೆ ಗೊತ್ತಾಯಿತು. ಮೇಲಿನ ಗದ್ದೆಯವರಿಗೆ ನಾನು ಕಳ್ಳ, ಕೊನೆಯ ಗದ್ದೆಯವರಿಗೆ ನಾನು ಕೊಲೆಗಾರ. ಒಮ್ಮೆ ಕೊನೆಯ ಭಾಗದ ರೈತರು ಟ್ರ್ಯಾಕ್ಟರ್ ತುಂಬ ಬಂದು ನನ್ನನ್ನು ಮಧ್ಯ ಕೂರಿಸಿಕೊಂಡು ಸಂಜೆಯವರೆಗೆ ಬಿಡಲಿಲ್ಲ. ಹೊಡೆಯಲಿಲ್ಲ, ಬಯ್ಯಲಿಲ್ಲ, ನಡುವೆ ಊಟವನ್ನೂ ಹಾಕಿದರು. ಸುಮ್ಮನೆ ನನ್ನ ಮುಖ ನೋಡುತ್ತ ಕುಳಿತರು. ಹೊಡೆದಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಈ ಕೆಲಸದಲ್ಲಿ ಹೆದರಿಕೆ ತಪ್ಪುವುದಿಲ್ಲ, ಅದನ್ನು ಮೊದಲೇ ತಿಳಿದುಕೊಂಡಿರಿ.

ನಾನು ಹೆಚ್ಚು ಕಾಲ ಇದ್ದದ್ದು ಎಸ್ಕೇಪ್ ಗೇಟಿನ ಮೇಲೆ. ಕಾಲುವೆಯಲ್ಲಿ ನೀರು ಮಿತಿ ಮೀರಿದರೆ ಹೆಚ್ಚಾದದ್ದನ್ನು ಪಕ್ಕದ ಹಳ್ಳಕ್ಕೆ ಬಿಡುವ ಅಗಲವಾದ ಕಬ್ಬಿಣದ ಬಾಗಿಲು ಅದು. ಬಾಗಿಲಿನ ಎರಡು ತುದಿಗೆ ಎರಡು ಉದ್ದನೆಯ ತಿರುಪಿನ ಸರಳು, ಒಂದೊಂದಕ್ಕೆ ಒಂದೊಂದು ಹ್ಯಾಂಡಲ್, ಒಂದು ಹ್ಯಾಂಡಲ್‌ಗೆ ಇಬ್ಬರು. ಎರಡೂ ತುದಿಯವರು ಒಂದೇ ವೇಗದಲ್ಲಿ ತಿರುಗಿಸಿದರೆ ಬಾಗಿಲು ಮಟ್ಟಸವಾಗಿ ಏಳುತ್ತದೆ. ಒಂದು ತುದಿಯವರು ಮುಂದಾದರೆ ಬಾಗಿಲು ಓರೆಯಾಗಿ ಗೋಡೆಯ ಸಂದಿನಲ್ಲಿ ಕಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಜನ ಜೋತುಬಿದ್ದರೂ ಹ್ಯಾಂಡಲ್ ಅಲುಗುವುದಿಲ್ಲ. ಎಣಿಸುತ್ತ ತಿರುಗಿಸಬಹುದಲ್ಲ ಎಂದು ನೀವು ಕೇಳಬಹುದು. ಬಾಗಿಲು ಒಂದು ಗೇಣು ಎದ್ದಿತೆಂದರೆ ಕೆಳಗೆ ನೀರು ಅಬ್ಬರಿಸಲು ತೊಡಗುತ್ತದೆ, ಈ ತುದಿಯ ಕೂಗು ಆ ತುದಿಗೆ ಕೇಳುವುದೇ ಇಲ್ಲ.

ಇದಕ್ಕೆ ಉಪಾಯ ಕಂಡುಹಿಡಿದವರು ನಮ್ಮ ಮೇಸ್ತ್ರಿ ಮಾಬುಸಾಬ. ಅಥವಾ ಅವರಿಗೂ ಮೊದಲಿನವರು ಯಾರೋ. ಮೊದಲ ದಿನ ನಾನು ಹರೆಯದ ಜೋರಿನಲ್ಲಿ ಹ್ಯಾಂಡಲ್ ಸುತ್ತಿದೆ. ಮಾಬುಸಾಬರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಏ ತಮ್ಮಾ, ನಿನಗ ಸಿನಿಮಾ ಹಾಡು ಬರ್ತಾವೇನು?"

"ಬರ್ತಾವ್ರಿ."

"ಗಾಡಿ ಹಾಡು?"

ಆ ಕಾಲದಲ್ಲಿ ಅದು ಬರದವರು ಯಾರೂ ಇರಲಿಲ್ಲ. ನಾಯಕ ಎತ್ತಿನ ಗಾಡಿ ಹೊಡೆಯುತ್ತ ಹಾಡುವ ಹಾಡು. ಹೋಟೆಲಿನ ರೇಡಿಯೋದಲ್ಲಿ, ಟೆಂಟಿನಲ್ಲಿ, ಮದುವೆ ಹಂದರದಲ್ಲಿ ಎಲ್ಲೆಲ್ಲೂ ಅದೇ. ಅದರ ಮೊದಲ ಸಾಲು ಇಲ್ಲಿ ಬರೆಯುವುದಿಲ್ಲ, ಬರೆದರೆ ನೀವು ಗುನುಗುತ್ತ ಮುಂದಿನದನ್ನು ಓದುವುದಿಲ್ಲ.

"ಹಂಗಾರ ಹಾಡು. ಒಂದು ಸಾಲಿಗೆ ಎರಡು ಸುತ್ತು. ಜಾಸ್ತಿ ಇಲ್ಲ, ಕಮ್ಮಿ ಇಲ್ಲ. ಆ ಕಡಿಯವರದು ನಿನಗ ಕೇಳೋದಿಲ್ಲ, ನಿಂದು ಅವ್ರಿಗೆ ಕೇಳೋದಿಲ್ಲ. ಫಿಕರ್ ಮಾಡಬ್ಯಾಡ. ಹಾಡು ಎಲ್ಲಾರ ತಲಿಯಾಗ ಒಂದ ಐತಿ."

ಮಾಬುಸಾಬರು ಟವೆಲ್ ಬೀಸಿ ಶುರು ಮಾಡಿಸುತ್ತಿದ್ದರು. ಪಲ್ಲವಿ, ಚರಣ, ಮತ್ತೆ ಪಲ್ಲವಿ. ಚರಣದಲ್ಲಿ ಹಾಡು ಸ್ವಲ್ಪ ನಿಧಾನವಾಗುತ್ತದೆ, ಅಲ್ಲಿ ನಮ್ಮ ರಟ್ಟೆಗೂ ವಿಶ್ರಾಂತಿ. ಹಾಡು ಮುಗಿಯುವಾಗ ಬಾಗಿಲು ಇಷ್ಟು ಎದ್ದಿರುತ್ತದೆ ಎಂಬುದು ನೋಡದೆಯೂ ತಿಳಿಯುತ್ತಿತ್ತು.

ಎಲ್ಲ ಹಾಡೂ ಗೇಟಿಗೆ ಆಗುವುದಿಲ್ಲ. ನಮ್ಮಲ್ಲಿ ಒಬ್ಬ ಭಜನಾ ಮಂಡಳಿಯವನಿದ್ದ, ಸಿನಿಮಾ ಹಾಡೆಂದರೆ ಕಿವಿ ಮುಚ್ಚಿಕೊಳ್ಳುವ ಮನುಷ್ಯ. ಭಜನೆ ಶುರುವಿನಲ್ಲಿ ಸಮಾಧಾನವಾಗಿಯೇ ಇರುತ್ತದೆ, ಕೊನೆಗೆ ಬರುತ್ತ ಬರುತ್ತ ಓಟ ಕೀಳುತ್ತದೆ. ಅವನಿಗೆ ಭಕ್ತಿ ಏರಿದಂತೆ ಅವನ ಕಡೆಯ ಬಾಗಿಲೂ ಏರುತ್ತಿತ್ತು. ಮಾಬುಸಾಬರು ಅವನನ್ನು ಹುಲ್ಲು ಕೀಳುವ ಕೆಲಸಕ್ಕೆ ಹಾಕಿದರು. ಮತ್ತೊಮ್ಮೆ ತಪಾಸಣೆಗೆ ಬಂದ ದೊಡ್ಡ ಸಾಹೇಬರೊಬ್ಬರು ನಮ್ಮ ಪದ್ಧತಿ ನೋಡಿ ಖುಷಿಯಾಗಿ, ತಮ್ಮ ಮೆಚ್ಚಿನ ವಿರಹದ ಹಾಡಿಗೆ ಗೇಟು ಎತ್ತಿಸಿದರು. ಹಾಡು ಚೆನ್ನಾಗಿಯೇ ಇತ್ತು. ಗೇಟು ಏಳುವಷ್ಟರಲ್ಲಿ ಅವರಿಗೆ ತಂದಿದ್ದ ಮಂಡಾಳ ಒಗ್ಗರಣೆ, ಮಿರ್ಚಿ ಎಲ್ಲ ತಣ್ಣಗಾಗಿದ್ದವು.

ಆಮೇಲೆ ಮೋಟಾರು ಬಂತು. ಗುಂಡಿ ಒತ್ತಿದರೆ ಎರಡೂ ಸರಳು ತಾವೇ ತಿರುಗಿದವು. ಮಾಬುಸಾಬರು ನಿವೃತ್ತರಾದರು, ಕೆಲವು ವರ್ಷಗಳಲ್ಲಿ ತೀರಿಕೊಂಡರು. ಹ್ಯಾಂಡಲ್‌ಗಳಿಗೆ ಗ್ರೀಸ್ ಹಚ್ಚಿ ಗೋಣಿಚೀಲ ಸುತ್ತಿ ಇಟ್ಟೆವು. ಹಾಡಲು ಕಾರಣವಿಲ್ಲದೆ ಹಾಡುವುದು ಬಿಟ್ಟೆವು. ಹಳಬರಲ್ಲಿ ಉಳಿದವರು ನಾನು ಮತ್ತು ಯಮನೂರಪ್ಪ ಇಬ್ಬರೇ.

ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಗುತ್ತಿಗೆ ಮೇಲೆ ಇಬ್ಬರು ಹೊಸಬರು ಬಂದರು. ಒಬ್ಬ ಯಲಬುರ್ಗಾ ಕಡೆಯ ವಿರೂಪಾಕ್ಷಿ, ಇನ್ನೊಬ್ಬ ಅವನ ಗೆಳೆಯ ಬಸವರಾಜ. ವಿರೂಪಾಕ್ಷಿ ಕೆಲಸಗಳ್ಳನಲ್ಲ, ಅದನ್ನು ಹೇಳಲೇಬೇಕು. ಆದರೆ ಅವನ ಬೈಕಿನಲ್ಲಿ ಒಂದು ಸಣ್ಣ ಸ್ಪೀಕರ್ ಇರುತ್ತಿತ್ತು, ಅದು ಬೆಳಗಿನಿಂದ ಬಡಿದುಕೊಳ್ಳುತ್ತಿತ್ತು. ಒಂದು ದಿನ ಅದರಲ್ಲಿ ನನ್ನ ಗಾಡಿ ಹಾಡು ಕೇಳಿಸಿತು. ಓಡಿಬಂದೆ. ಕೇಳಿದರೆ, ಎತ್ತಿನ ಗಂಟೆಯ ಸದ್ದು ಇದ್ದ ಜಾಗದಲ್ಲಿ ಧಡ್ ಧಡ್ ಎಂದು ಡಿಜೆ. ಹಾಡಿದವನಿಗೆ ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೇನೋ ಎಂಬಂತೆ ಆತುರ.

"ಬಂದ್ ಮಾಡಲೇ ಅದನ್ನ," ಎಂದೆ.

"ಯಾಕ್ರಿ ಕಾಕಾ? ನಿಮ್ಮ ಹಾಡ ಐತ್ರಿ ಇದು. ನಿಮಗ ಅಂತನ ಹಚ್ಚೇನಿ."

"ನನ್ನ ಹಾಡಲ್ಲ ಇದು. ನನ್ನ ಹಾಡಿನ ಹೆಣ."

ಅವನ ಮುಖ ಸಣ್ಣದಾಯಿತು. ಯಮನೂರಪ್ಪ ನನ್ನನ್ನು ಬೈದ. ಅಂದಿನಿಂದ ನಾನು ಬರುವುದು ಕಂಡರೆ ವಿರೂಪಾಕ್ಷಿ ಸ್ಪೀಕರಿನ ದನಿ ತಗ್ಗಿಸುತ್ತಿದ್ದ. ನಮ್ಮಿಬ್ಬರ ನಡುವೆ ಮಾತು ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಆಯಿತು.

ಈಗ ಆ ದಿನದ ವಿಷಯ. ನಿಮ್ಮಂಥವರಿಗಾಗಿಯೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೂರು ದಿನದಿಂದ ಹೇಮಗುಡ್ಡದ ಕಡೆ ಮೋಡ ಕಟ್ಟಿತ್ತು. ಆ ಬೆಳಿಗ್ಗೆ ಮಳೆ ಹಿಡಿಯಿತು. ಮಳೆ ಬಂದರೆ ರೈತನಿಗೆ ಕಾಲುವೆ ನೀರು ಬೇಡ. ಮೇಲಿನಿಂದ ಕೆಳಗಿನವರೆಗೆ ಎಲ್ಲರೂ ತಮ್ಮ ತಮ್ಮ ತೂಬು ಮುಚ್ಚಿದರು. ಹಿಂದಿನ ದಿನದವರೆಗೆ ನನಗೆ ಬೇಕು ತನಗೆ ಬೇಕು ಎಂದು ಬಡಿದಾಡಿದ ನೀರೆಲ್ಲ ಕಾಲುವೆಯಲ್ಲೇ ಉಳಿದು ಏರತೊಡಗಿತು. ಅಣೆಕಟ್ಟಿಗೆ, ಮುನಿರಾಬಾದಿಗೆ ಫೋನ್ ಹೋಯಿತು, ಅವರು ಮೇಲೆ ತಕ್ಷಣ ನೀರು ತಗ್ಗಿಸಿದರು. ಆದರೆ ಆಗಲೇ ಹೊರಟ ನೀರು ನಮ್ಮನ್ನು ದಾಟಿಯೇ ಹೋಗಬೇಕು. ಅಷ್ಟರಲ್ಲಿ ಕರೆಂಟ್ ಹೋಯಿತು. ಗುಂಡಿ ಒತ್ತಿದರೆ ಮೋಟಾರು ಸುಮ್ಮನೆ ಕುಳಿತಿತ್ತು.

ನಮ್ಮ ಗೇಟಿನಿಂದ ಸ್ವಲ್ಪ ಕೆಳಗೆ, ಕಾಲುವೆ ಏರಿಯ ಬುಡದಲ್ಲಿ ಒಂದು ಕ್ಯಾಂಪ್ ಇದೆ. ಬಹಳ ಹಿಂದೆ ಆಂಧ್ರದಿಂದ ಬಂದು ಭತ್ತ ಹಾಕಿದವರ, ಅವರ ಗದ್ದೆಗೆ ಕೂಲಿಗೆ ಬಂದು ನಿಂತವರ ಮನೆಗಳು. ಏರಿಗೆ ತೀರ ಹತ್ತಿರದ ಮನೆ ಲಕ್ಷ್ಮಮ್ಮನದು. ನಮಗೆಲ್ಲ ಚಹಾ ಮಾಡಿಕೊಡುತ್ತಿದ್ದವಳು ಅವಳೇ. ಮಳೆಯಲ್ಲೇ ಅವಳು ಏರಿ ಹತ್ತಿ ಬಂದಳು.

"ಅಣ್ಣಾ, ನಮ್ಮ ಮನಿ ಹಿಂದ ಏರಿಯಾಗ ನೀರು ಜಿನುಗ್ತೈತಿ. ಬರೀ ನೀರಲ್ಲ, ಕೆಸರು ಬರ್ತೈತಿ."

ತಿಳಿನೀರು ಜಿನುಗಿದರೆ ಅಷ್ಟು ಭಯವಿಲ್ಲ. ಕೆಸರು ಬಂದರೆ ಏರಿಯ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ನಮ್ಮ ಜೂನಿಯರ್ ಎಂಜಿನಿಯರ್ ಮೇಡಂ ಆಗಲೇ ಮರಳಿನ ಚೀಲಗಳೊಂದಿಗೆ ಜನರನ್ನು ಅಲ್ಲಿಗೆ ಕಳಿಸಿ, ಕ್ಯಾಂಪ್ ಖಾಲಿ ಮಾಡಿಸಲು ಹೇಳಿ ನಮ್ಮ ಹತ್ತಿರ ಬಂದರು.

"ಫಕೀರಪ್ಪಾರ, ಚೀಲ ಭಾಳ ಹೊತ್ತು ತಡಿಯೋದಿಲ್ಲ. ನೀರು ಇಳೀಬೇಕು. ಗೇಟು ಕೈಲೆ ಎತ್ತಾಕ ಆಕ್ಕೈತೇನ್ರಿ?"

"ಆಕ್ಕೈತ್ರಿ ಮೇಡಂ," ಎಂದೆ.

"ಲಕ್ಷ್ಮಮ್ಮ, ನೀವು ಮನಿ ಬಿಟ್ರೇನು?"

"ನಮ್ಮತ್ತಿ ಹಾಸಿಗಿ ಹಿಡದಾಳ್ರಿ. ಎತ್ತಾಕ ಗಂಡಸ್ರು ಬರಬೇಕು. ಎಲ್ಲಾರೂ ಚೀಲ ಹೊರಾಕ ಹೋಗ್ಯಾರ," ಎಂದವಳು ನಿಲ್ಲದೆ ಇಳಿದು ಓಡಿದಳು.

ಗೋಣಿಚೀಲ ಬಿಚ್ಚಿ ಹ್ಯಾಂಡಲ್ ಹಾಕಿದೆವು. ಈ ತುದಿಗೆ ನಾನು, ಯಮನೂರಪ್ಪ. ಆ ತುದಿಗೆ ವಿರೂಪಾಕ್ಷಿ, ಬಸವರಾಜ. ಯಾರೂ ಹೇಳಿದ್ದಲ್ಲ, ಹಾಗೇ ನಿಂತೆವು. ಒಂದು ಸಾಲಿಗೆ ಎರಡು ಸುತ್ತು ಎಂಬ ಲೆಕ್ಕ ಅವರಿಗೆ ಹೇಳಿಕೊಟ್ಟೆ.

"ಗಾಡಿ ಹಾಡು ಬರ್ತೈತಿಲ್ಲೋ?" ಎಂದು ಕೇಳಿದೆ.

"ಪೂರಾ ಬರ್ತೈತ್ರಿ ಕಾಕಾ," ಎಂದ ವಿರೂಪಾಕ್ಷಿ.

ಟವೆಲ್ ಬೀಸಿದೆ. ತಿರುಗಿಸಿದೆವು. ಬಾಗಿಲು ನರಳುತ್ತ ಮೇಲೆದ್ದಿತು, ಹಳ್ಳದ ಕಡೆ ನೀರು ನುಗ್ಗಿತು, ಸದ್ದು ಎಲ್ಲವನ್ನೂ ನುಂಗಿತು. ನಾನು ಹಾಡುತ್ತಿದ್ದೆ. ಯಮನೂರಪ್ಪ ಹಾಡುತ್ತಿದ್ದ. ಇಷ್ಟು ವರ್ಷದ ಮೇಲೂ ಹಾಡು ಮರೆತಿರಲಿಲ್ಲ. ಪಲ್ಲವಿ ಮುಗಿದು ಚರಣಕ್ಕೆ ಬಂದೆವು. ಇದ್ದಕ್ಕಿದ್ದಂತೆ ಹ್ಯಾಂಡಲ್ ಬಿಗಿಯಾಯಿತು. ಇನ್ನೊಂದು ಸುತ್ತಿಗೆ ಮೈಯೆಲ್ಲ ಹಾಕಿದೆವು. ಕೆಳಗೆ ಕಬ್ಬಿಣ ಕಿರ್ರೆಂದು ನಿಂತುಬಿಟ್ಟಿತು.

ಬಗ್ಗಿ ನೋಡಿದೆ. ಆ ತುದಿ ಮೇಲೆ, ನಮ್ಮ ತುದಿ ಕೆಳಗೆ. ಬಾಗಿಲು ಓರೆಯಾಗಿ ಕಚ್ಚಿತ್ತು. ಎದ್ದದ್ದು ಒಂದು ಮೊಳವೂ ಇಲ್ಲ. ಅಷ್ಟು ನೀರು ಹೋದರೂ ಕಾಲುವೆ ಏರುತ್ತಲೇ ಇತ್ತು.

ವಿರೂಪಾಕ್ಷಿ ಮೇಲಿನ ಕಟ್ಟೆಯ ಮೇಲೆ ಓಡಿಬಂದ. ಕಿವಿಗೆ ಬಾಯಿಟ್ಟು ಕೂಗಬೇಕಿತ್ತು.

"ಏನ್ ಹಾಡಿದ್ಯೋ ನೀನು?"

"ಗಾಡಿ ಹಾಡ ಹಾಡಿನ್ರಿ. ನೀವ ಹೇಳಿದ್ರೆಲ್ಲ."

"ನಾ ಚರಣದಾಗ ಇದ್ದಾಗ ನೀ ಎಲ್ಲಿದ್ದಿ?"

ಅವನು ನನ್ನ ಮುಖ ನೋಡಿದ. "ಯಾವ ಚರಣ ರೀ? ಅದರಾಗ ಚರಣ ಎಲ್ಲೈತಿ? ಪಲ್ಲವಿನ ತಿರುಗಿ ತಿರುಗಿ ಬರ್ತೈತಿ."

ಡಿಜೆ ಮಾಡಿದವನು ಚರಣಗಳನ್ನು ಕತ್ತರಿಸಿ ಬಿಸಾಕಿದ್ದ. ಈ ಹುಡುಗ ಆ ಹಾಡನ್ನು ಹಾಗೆಯೇ ಕೇಳಿ ಬೆಳೆದಿದ್ದ. ಅವನಿಗೆ ಗೊತ್ತಿದ್ದ ಗಾಡಿ ಹಾಡು ಅದೇ, ಅದನ್ನು ಒಂದು ಚೂರೂ ತಪ್ಪದೆ ಹಾಡಿದ್ದ. ನಾನೂ ನನ್ನದನ್ನು ತಪ್ಪದೆ ಹಾಡಿದ್ದೆ. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಇಂದಿಗೂ ಹೇಳಲಾರೆ. ಅವನನ್ನು ಹೊಡೆಯಲು ಕೈ ಎತ್ತಿದೆನೆಂದು ಯಮನೂರಪ್ಪ ಆಮೇಲೆ ಹೇಳುತ್ತಿದ್ದ. ನನಗೆ ನೆನಪಿಲ್ಲ.

ಮೇಡಂ ನಡುವೆ ಬಂದರು. "ಯಾವುದಾರ ಒಂದು ಹಾಡ್ರಿ. ಕೆಳಗ ಆ ಮುದುಕಿ ಇನ್ನೂ ಮನ್ಯಾಗ ಅದಾಳ."

ಮೊದಲು ಕಚ್ಚು ಬಿಡಿಸಬೇಕಿತ್ತು. ನಮ್ಮ ತುದಿಯನ್ನು ಹಿಡಿದು ನಿಲ್ಲಿಸಿ, ಅವರ ತುದಿಯನ್ನು ಕಾಲು ಸುತ್ತು, ಕಾಲು ಸುತ್ತು ಇಳಿಸಿದೆವು. ಪ್ರತಿ ಸಲವೂ ಸರಳು ಮುರಿಯಿತು ಎಂದೇ ಅನ್ನಿಸುತ್ತಿತ್ತು. ಕೊನೆಗೆ ಬಾಗಿಲು ಧಡ್ಡೆಂದು ಕುಸಿದು ಮಟ್ಟವಾಯಿತು. ಏರಿಯ ಕೆಳಗೆ ಜನ ಕೂಗುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ.

"ಕಾಕಾ, ನಿಮ್ಮ ಹಾಡ ಕಲಿಸ್ರಿ. ಲಗೂ ಕಲೀತೀವಿ," ಎಂದ ವಿರೂಪಾಕ್ಷಿ.

ಆ ಮಾತು ಕೇಳಲು ನಾನು ಎರಡು ವರ್ಷದಿಂದ ಕಾಯುತ್ತಿದ್ದೆ ಎಂದರೂ ಸುಳ್ಳಲ್ಲ. ಆದರೆ ನೀರಿನ ಮಟ್ಟ ತೋರಿಸುವ ಗೇಜಿನ ಕಲ್ಲು ನೋಡಿದೆ. ಅಪಾಯದ ಕೆಂಪು ಗೆರೆ ನೀರಿನಲ್ಲಿ ಮುಳುಗಿತ್ತು. ನಮ್ಮ ಹಾಡು ಸಮಾಧಾನದ ದಿನಗಳಿಗೆ ಸರಿ, ಚರಣದಲ್ಲಿ ದಣಿವಾರಿಸಿಕೊಳ್ಳುತ್ತ ಎತ್ತುವ ದಿನಗಳಿಗೆ. ಈ ನೀರಿಗೆ ಅದು ಸಾಲದು.

"ನಿಂದ ಕಲಿಸು," ಎಂದೆ.

ಅವನು ಮೊಬೈಲ್ ತೆಗೆದು ನನ್ನ ಕಿವಿಗೆ ಒತ್ತಿ ಹಿಡಿದ. ಇನ್ನೊಂದು ಕಿವಿ ನಾನು ಮುಚ್ಚಿಕೊಂಡೆ. ಹಿಂದೊಮ್ಮೆ ಎರಡು ಸಾಲು ಬರುವ ಮೊದಲೇ ಬಂದ್ ಮಾಡಿಸಿದ್ದ ಹಾಡನ್ನು ಮೊದಲ ಬಾರಿ ಪೂರ್ತಿ ಕೇಳಿದೆ. ಅವನು ನನ್ನ ಬೆನ್ನಿನ ಮೇಲೆ ಅಂಗೈಯಿಂದ ಬಡಿಯುತ್ತ, "ಇಲ್ಲಿ ಸುತ್ತು, ಇಲ್ಲಿ ಸುತ್ತು," ಎನ್ನುತ್ತಿದ್ದ. ಹಿಡಿತ ಸಿಗಲಿಲ್ಲ. ಮೈ ಹಳೆಯ ಚಾಲಿಗೇ ಜಾರುತ್ತಿತ್ತು.

"ಬರೋದಿಲ್ಲೋ ನನಗ," ಎಂದೆ.

ಆಗ ಮೇಡಂ, "ನೀವು ಹಿರ್‍ಯಾರು ಒಂದು ಕಡೆ, ಅವ್ರು ಸಣ್ಣವ್ರು ಒಂದು ಕಡೆ ಯಾಕ ನಿಂತೀರಿ? ಅದಲು ಬದಲು ಆಗ್ರಿ. ಒಬ್ಬೊಬ್ಬರು ಒಂದೊಂದು ಕಡೆ," ಎಂದರು.

ಎಷ್ಟು ಸರಳ ಮಾತು. ನಮ್ಮ ನಾಲ್ವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಯಮನೂರಪ್ಪ ಆ ತುದಿಗೆ ಬಸವರಾಜನ ಹತ್ತಿರ ಹೋದ. ವಿರೂಪಾಕ್ಷಿ ನನ್ನ ಎದುರು ನಿಂತು ಅದೇ ಹ್ಯಾಂಡಲ್ ಹಿಡಿದ. ಮೇಡಂ ತಮ್ಮ ದುಪಟ್ಟಾ ಬೀಸಿದರು.

ಆಮೇಲಿನದು ನನಗೆ ಚೂರು ಚೂರಾಗಿ ನೆನಪಿದೆ. ವಿರೂಪಾಕ್ಷಿಯ ಬಾಯಿ ನನ್ನ ಮುಖದ ಮುಂದೆಯೇ ಹಾಡುತ್ತಿತ್ತು. ಮೊದಲ ಕೆಲವು ಸುತ್ತು ಅವನು ನನ್ನನ್ನು ಎಳೆದುಕೊಂಡು ಹೋದ. ಆಮೇಲೆ ರಟ್ಟೆ ತಾನಾಗಿ ಆ ಚಾಲಿಗೆ ಬಿತ್ತು. ಹ್ಯಾಂಡಲ್ ತುಸು ಬಿಗಿಯಾದಾಗೆಲ್ಲ ನಾನು ತಲೆ ಅಲ್ಲಾಡಿಸುತ್ತಿದ್ದೆ, ಅವನು ಒಂದು ಗಳಿಗೆ ತಡೆಯುತ್ತಿದ್ದ. ಕೈ ಹೇಳಿದ್ದು ನನಗೆ ತಿಳಿಯುತ್ತಿತ್ತು, ಹಾಡು ಅವನಿಗೆ. ಎದೆ ಒಡೆಯುತ್ತದೆ ಎನ್ನಿಸಿದರೂ ನಿಲ್ಲುವಂತಿರಲಿಲ್ಲ. ಆ ಹಾಡಿನಲ್ಲಿ ದಣಿವಾರಿಸಿಕೊಳ್ಳಲು ಜಾಗವೇ ಇರಲಿಲ್ಲ. ಪಲ್ಲವಿ ಮುಗಿದರೆ ಮತ್ತೆ ಪಲ್ಲವಿ. ಬಾಗಿಲು ಏಳುತ್ತಲೇ ಇತ್ತು, ಮಟ್ಟಸವಾಗಿ.

ಪೂರ್ತಿ ಎದ್ದಾಗ ಕೈ ಬಿಡಿಸಲು ಆಗಲಿಲ್ಲ. ವಿರೂಪಾಕ್ಷಿಯೇ ನನ್ನ ಬೆರಳು ಒಂದೊಂದಾಗಿ ಬಿಚ್ಚಿದ. ಎಲ್ಲರೂ ಗೇಜಿನ ಕಲ್ಲನ್ನೇ ನೋಡುತ್ತ ಕುಳಿತೆವು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೆಂಪು ಗೆರೆ ಕಂಡಿತು. ಇನ್ನೂ ಸ್ವಲ್ಪ ಹೊತ್ತಿಗೆ, ಕ್ಯಾಂಪಿನ ಕಡೆ ಹೋಗಿದ್ದ ಮೇಡಂ ಏರಿಯ ಮೇಲಿಂದ ಎರಡೂ ಕೈ ಎತ್ತಿ ತೋರಿಸಿದರು. ಕೆಸರು ನಿಂತು ತಿಳಿನೀರು ಬರುತ್ತಿದೆ, ಅದೂ ಕಡಿಮೆಯಾಗುತ್ತಿದೆ ಎಂದು ಆಮೇಲೆ ತಿಳಿಯಿತು. ನಾನು ಅತ್ತೆ. ಮಳೆಯಲ್ಲಿ ಯಾರಿಗೂ ಗೊತ್ತಾಗಿರಲಿಕ್ಕಿಲ್ಲ.

ಕೆಲಸ ಮುಗಿದಿರಲಿಲ್ಲ. ಸಂಜೆಗೆ ಮಳೆ ನಿಂತಿತು, ಕಾಲುವೆ ಹದಕ್ಕೆ ಬಂತು, ಕರೆಂಟ್ ಮಾತ್ರ ಬರಲಿಲ್ಲ. ಬಾಗಿಲು ಇಳಿಸದಿದ್ದರೆ ಹಳ್ಳದ ಪಕ್ಕದ ಗದ್ದೆಗಳು ಹಾಳಾಗುತ್ತವೆ. ಇಳಿಸುವುದು ಏರಿಸುವುದಕ್ಕಿಂತ ಕಷ್ಟ. ಬಾಗಿಲಿನ ಭಾರ ಹ್ಯಾಂಡಲನ್ನು ತಾನೇ ಎಳೆಯುತ್ತದೆ. ಆತುರ ಮಾಡಿದರೆ ಹ್ಯಾಂಡಲ್ ಕೈಜಾರಿ ಗಿರ್ರನೆ ತಿರುಗಿ ಮುಂಗೈ ಮುರಿಯುತ್ತದೆ. ಹಾಗೆ ಮುರಿದವರನ್ನು ನಾನು ಕಂಡಿದ್ದೇನೆ.

"ಇದಕ ನನ್ನ ಹಾಡು ನಡಿಯೂದಿಲ್ರಿ," ಎಂದ ವಿರೂಪಾಕ್ಷಿ. "ಆ ಚರಣ ಹಾಡಿ ತೋರಿಸ್ರಿ ಕಾಕಾ."

ಹಾಡಲು ಬಾಯಿ ತೆರೆದೆ. ಒಂದು ಸಾಲೂ ಬರಲಿಲ್ಲ. ಬೆಳಿಗ್ಗೆ ತಾನೇ ಹಾಡಿದ್ದೆ. ಯಮನೂರಪ್ಪನ ಕಡೆ ನೋಡಿದೆ, ಅವನೂ ತಡಕಾಡುತ್ತಿದ್ದ. ಕುಳಿತು ಆ ಹಾಡನ್ನು ನಾವು ಯಾವತ್ತೂ ಹಾಡಿರಲೇ ಇಲ್ಲ. ವಿರೂಪಾಕ್ಷಿ ನಗಲಿಲ್ಲ. ನನ್ನ ಎದುರು ಬಂದು ಕುಳಿತು, ಬೊಬ್ಬೆ ಎದ್ದ ತನ್ನ ಎರಡು ಕೈ ಮುಂದೆ ಚಾಚಿದ.

"ಹಿಡೀರಿ. ತಿರುಗಸ್ರಿ."

ಅವನ ಕೈ ಹಿಡಿದು ನಿಧಾನವಾಗಿ ಸುತ್ತಿದೆ. ಎರಡನೆಯ ಸುತ್ತಿಗೆ ಚರಣ ಬಂತು. ಮೊದಲ ಸಾಲು, ಅದರ ಹಿಂದೆ ಮುಂದಿನದು. ಗಾಡಿಯ ಎತ್ತು ದಣಿದಿದೆ, ಊರು ಇನ್ನೂ ದೂರವಿದೆ ಎಂಬ ಅರ್ಥದ ಸಾಲುಗಳು. ಅವನು ಕಣ್ಣು ಮುಚ್ಚಿ ಕೇಳಿದ, ನನ್ನ ಜೊತೆ ಹೇಳಿದ, ಬಸವರಾಜನೂ ಹೇಳಿದ. ಲಕ್ಷ್ಮಮ್ಮ ಚಹಾ ತಂದು ನಿಂತಿದ್ದಳು. ಅತ್ತೆಯನ್ನು ಹೊರಸಿನ ಸಮೇತ ರಸ್ತೆಗೆ ತಂದಿಟ್ಟವರೇ ಮತ್ತೆ ಒಳಗೆ ಹೊತ್ತೊಯ್ದರಂತೆ. "ಮುದುಕಿ ಎಲ್ಲಾರನೂ ಬೈಯಾಕತ್ತಾಳ," ಎಂದಳು.

ಇಳಿಸಲು ನಿಂತೆವು. ಈ ಸಲ ವಿರೂಪಾಕ್ಷಿ, "ನಾ ಆ ಕಡಿ ಹೋಗ್ತೀನ್ರಿ, ಬಸು ನಿಮ್ಮ ಕಡಿ ಇರಲಿ," ಎಂದು ಯಮನೂರಪ್ಪನ ಜೊತೆ ಹೋದ. ಟವೆಲ್ ಬೀಸಿದೆ. ಪಲ್ಲವಿ ಮುಗಿಯಿತು. ಚರಣ ಬಂತು. ಇಡೀ ದಿನದಲ್ಲಿ ಆಗಿದ್ದಕ್ಕಿಂತ ಹೆಚ್ಚಿನ ಹೆದರಿಕೆ ನನಗೆ ಆಗ ಆಯಿತು. ಆ ತುದಿಯಲ್ಲಿ ಅವನ ತುಟಿ ಅಲುಗುವುದು ಮಬ್ಬಿನಲ್ಲಿ ಕಂಡಿತು. ನೀರಿನ ಸದ್ದಿನಲ್ಲಿ ಅವನ ದನಿ ಕೇಳಲಿಲ್ಲ. ಬಗ್ಗಿ ನೋಡಿದೆ. ಗೇಟು ಮಟ್ಟಸವಾಗಿ ಇಳಿಯುತ್ತಿತ್ತು.